ಭೀಮಬಾಯಿಗೆ ಏನೂ ಅಲ್ಲದ ಮನುಷ್ಯ

ವಾಡಿಯ ಭೀಮಬಾಯಿಗೆ ಅರವತ್ತೆರಡನೇ ವಯಸ್ಸಿನಲ್ಲಿ ಒಬ್ಬ ಮನುಷ್ಯ ಬೇಕಾಗಿದ್ದ. ತಪ್ಪು ತಿಳಿಯಬೇಡಿ. ಮದುವೆಗಲ್ಲ, ಮನೆಗೆಲಸಕ್ಕೂ ಅಲ್ಲ. ಗಂಡಾದರೂ ನಡೆಯುತ್ತಿತ್ತು, ಹೆಣ್ಣಾದರೂ ನಡೆಯುತ್ತಿತ್ತು. ಷರತ್ತು ಒಂದೇ: ಆ ಮನುಷ್ಯ ಭೀಮಬಾಯಿಗೆ ಏನೂ ಆಗಿರಬಾರದು. ನೆಂಟನಲ್ಲ, ಗುರುತಿನವನಲ್ಲ, ಬೇಕಾದವನಲ್ಲ, ಬೇಡಾದವನೂ ಅಲ್ಲ. ಕಂಡರೆ ಪ್ರೀತಿ ಹುಟ್ಟಬಾರದು, ಸಿಟ್ಟೂ ಬರಬಾರದು. ಅಂಥವರು ಒಬ್ಬರು ಜಲ್ದಿ ಸಿಗಬೇಕಿತ್ತು, ಯಾಕೆಂದರೆ ಸುನಿತಾ ಸಾಯಲಿಕ್ಕೆ ಬಿದ್ದಿದ್ದಳು.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಸುನಿತಾ ಭೀಮಬಾಯಿಯ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಒಂದು ಕಾಲಕ್ಕೆ ಇಬ್ಬರೂ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದವರು. ಹತ್ತೊಂಬತ್ತು ವರ್ಷದ ಹಿಂದೆ, ಮೇ ತಿಂಗಳ ಒಂದು ಮಧ್ಯಾಹ್ನ, ಭೀಮಬಾಯಿಯ ಗಂಡ ರಾಜರತ್ನನಿಗೆ ಎದೆ ಹಿಡಿದುಕೊಂಡಿತು. ಭೀಮಬಾಯಿ ಸರ್ಕಾರಿ ನರ್ಸು. ಆ ಹೊತ್ತಿಗೆ ಚಿಂಚೋಳಿ ಕಡೆಯ ಹಳ್ಳಿಯೊಂದರಲ್ಲಿ ಯಾರದೋ ಹೆರಿಗೆ ಮಾಡಿಸುತ್ತಿದ್ದಳು. ಮನೆಯಲ್ಲಿದ್ದದ್ದು ಸುನಿತಾ ಒಬ್ಬಳೇ. ಗ್ಯಾಸ್ ಆಗಿರಬೇಕು ಅಂದುಕೊಂಡ ಆಕೆ ಸೋಡಾ ತರಿಸಿ ಕುಡಿಸಿ, ಫ್ಯಾನ್ ಹಚ್ಚಿ ಮಲಗಿಸಿದಳು. ಮಲಗಿದವನು ಏಳಲಿಲ್ಲ. ಹೆಣದ ಮುಂದೆ, ಬಂಧುಬಳಗದವರ ಎದುರಿಗೆ, ಭೀಮಬಾಯಿ “ನೀನೇ ಕೊಂದಿ” ಎಂದಳು. ಸುನಿತಾ ತಿರುಗಿ ಮಾತಾಡಲಿಲ್ಲ. ಸ್ವಲ್ಪ ದಿನಕ್ಕೆ ಗಂಡನನ್ನೂ ಮಗನನ್ನೂ ಕರೆದುಕೊಂಡು ತಾಂಡೂರಿಗೆ ಹೋಗಿಬಿಟ್ಟಳು. ಅಲ್ಲಿಂದಾಚೆಗೆ ಒಬ್ಬರ ಮುಖ ಒಬ್ಬರು ನೋಡಿದ್ದಿಲ್ಲ.

ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಸುನಿತಾಳ ಮಗ ಅಜಯಕುಮಾರ ಫೋನು ಮಾಡಿದ.

“ದೊಡ್ಡವ್ವಾ, ನಾ ಅಜಯ. ಅವ್ವಗ ಆರಾಮಿಲ್ಲ. ಭಾಳ ದಿನಾ ಇರೂದಿಲ್ಲ ಅನ್ಲಿಕತ್ತಾರ ಡಾಕ್ಟರು. ಒಮ್ಮೆ ಬಂದು ಮಾರಿ ತೋರ್ಸಿ ಹೋಗು. ನಾವೀಗ ಎಲ್ಲಿದ್ದೀವಂದ್ರ...”

ಭೀಮಬಾಯಿ ಅಷ್ಟಕ್ಕೇ ಫೋನು ಕಟ್ ಮಾಡಿದಳು. ಅವನು ಮತ್ತೆರಡು ಸಲ ಮಾಡಿದ, ಎತ್ತಲಿಲ್ಲ. ಕಟ್ ಮಾಡಿದ ಕೂಡಲೇ ಅವಳ ಮನಸ್ಸು ಆಡಿದ ಮೊದಲ ಮಾತು “ಪೀಡಾ ಹೋತು” ಎಂಬುದು. ಆ ಮಾತು ಕೇಳಿ ಅವಳೇ ಬೆಚ್ಚಿಬಿದ್ದಳು. ಮೂವತ್ನಾಲ್ಕು ವರ್ಷ ಊರ ಮಂದಿಯ ಕಣ್ಣೀರು ಒರೆಸಿದ ಕೈ, ಬೀದಿ ನಾಯಿಯ ಕಾಲು ಮುರಿದರೂ ಪಟ್ಟಿ ಕಟ್ಟಿದ ಜೀವ, ಒಂದು ಹೆಣ್ಣು ಸಾಯುತ್ತಿದೆ ಅಂದರೆ ಹೀಗೆ ಅಂದುಕೊಳ್ಳಬಹುದೇ? ಗೋಡೆಯ ಮೇಲಿನ ಬುದ್ಧನ ಫೋಟೋದ ಕಡೆ ನೋಡಲಿಕ್ಕೂ ಅವಳಿಗೆ ನಾಚಿಕೆಯಾಯಿತು. ಹೋಗಿ ಸುನಿತಾಳ ಮುಖ ನೋಡಬೇಕು, ಆದರೆ ಈ ಮನಸ್ಸು ಕಟ್ಟಿಕೊಂಡು ಹೋಗಬಾರದು ಎಂದು ತೀರ್ಮಾನಿಸಿ ಸೀದಾ ಬುದ್ಧ ವಿಹಾರಕ್ಕೆ ನಡೆದಳು.

ವಾಡಿಯ ವಿಹಾರದಲ್ಲಿ ಭಾನುವಾರ ಧ್ಯಾನ ಹೇಳಿಕೊಡುವವರು ದಶರಥ ಮಾಸ್ತರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕಲಿಸುವುದು ಕರುಣೆಯೇ ಆದರೂ ಬೆರಳು ಮಾತ್ರ ಇನ್ನೂ ಸುಣ್ಣದ ಕಡ್ಡಿ ಹಿಡಿದಂತೆಯೇ ಇರುತ್ತಿತ್ತು.

“ಮೈತ್ರಿ ಭಾವನಾಕ್ಕ ಐದು ಮೆಟ್ಟಿಲವ” ಎಂದರು ಮಾಸ್ತರು. “ಮೊದ್ಲು ನಿನಗ ನೀ ಒಳ್ಳೇದು ಬಯಸ್ಬೇಕು. ಆಮ್ಯಾಲ ಬೇಕಾದವರಿಗಿ. ಮೂರನೇದು, ನಿನಗ ಏನೂ ಅಲ್ಲದವರಿಗಿ. ನಾಕನೇದು ಬ್ಯಾಡಾದವರಿಗಿ. ಐದನೇದು ಸಕಲ ಜೀವಕ್ಕ.”

“ನಂದು ನಾಕನೇದ್ರಾಗ ಕೆಲಸ ಅದ ಮಾಸ್ತರ. ಸೀದಾ ಅದನ್ನೇ ಹೇಳಿಕೊಡ್ರಿ. ಟೈಮಿಲ್ಲ, ಆಕಿ ಹೊಂಟಾಳ.”

“ಹಂತ ಬಿಟ್ಟು ಉತ್ತರ ಬರ್ದ್ರ, ಉತ್ತರ ಸರಿ ಇದ್ರೂ ನಾ ಮಾರ್ಕ್ಸ್ ಕೊಟ್ಟಾವಲ್ಲ, ಭೀಮಬಾಯಿ. ಮೂರು ದಾಟೇ ನಾಕಕ್ಕ ಹೋಗ್ಬೇಕು.”

ಮೊದಲನೇ ಮೆಟ್ಟಿಲಿಗೆ ನಾಲ್ಕು ದಿನ ಹಿಡಿಯಿತು. ತನಗೆ ತಾನು ಒಳ್ಳೆಯದು ಬಯಸಿ ಅಭ್ಯಾಸವಿರಲಿಲ್ಲ. ಎರಡನೆಯದಕ್ಕೆ ಕಲಬುರಗಿಯ ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಮೈತ್ರಿ ಇದ್ದಳು. ಕಣ್ಣು ಮುಚ್ಚಿದ ಕೂಡಲೇ ಮುಗಿಯಿತು. ಮೂರನೆಯದಕ್ಕೆ ಬಂದು ಗಾಡಿ ನಿಂತೇಬಿಟ್ಟಿತು. ಏನೂ ಅಲ್ಲದವರು ಯಾರಿದ್ದಾರೆ?

ನಗಬೇಡಿ, ಇದು ದೊಡ್ಡ ಕಷ್ಟ. ಬೇರೆಯವರಿಗಾದರೆ ಓಣಿ ತುಂಬ ಸಿಕ್ಕಾರು. ಭೀಮಬಾಯಿ ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ, ಚಿಂಚೋಳಿ ಎಲ್ಲ ಕಡೆ ಹೆರಿಗೆ ಮಾಡಿಸಿದವಳು. ಈ ಸೀಮೆಯ ಅರ್ಧ ಜನರನ್ನು ಜಗತ್ತಿಗೆ ಎಳೆದು ತಂದವಳೇ ಅವಳು. ಉಳಿದರ್ಧಕ್ಕೆ ಸೂಜಿ ಚುಚ್ಚಿದವಳು. ಅದು ಸಾಲದೆಂಬಂತೆ ನಮ್ಮ ಕಡೆಯ ಮಾತಿನ ರೀತಿ ಬೇರೆ. ಇಬ್ಬರು ಒಂದು ಬೆಂಚಿನ ಮೇಲೆ ಕೂತರೆ ಮೊದಲ ಮಾತು “ಯಾವೂರಾಯ್ತ್ರಿ?” ಎರಡನೇ ಮಾತು “ಯಾರ ಪೈಕಿ?” ಮೂರನೇ ಮಾತಿಗೆ ಅತ್ತೆಯ ತಮ್ಮನ ಬೀಗರು ಅಂತ ಸಂಬಂಧ ಗಂಟು ಬಿದ್ದಾಗಿರುತ್ತದೆ. ಆಮೇಲೆ ಬಿಡಿಸಿಕೊಂಡವರುಂಟೇ?

ಮೊದಲು ವಾಡಿ ಸ್ಟೇಶನ್ನಿಗೆ ಹೋದಳು. ದೊಡ್ಡ ಜಂಕ್ಷನ್ನು, ಎಲ್ಲೆಲ್ಲಿಯ ಮಂದಿಯೋ ಬರುತ್ತಾರೆ. ಸೂಟ್‌ಕೇಸಿನ ಮೇಲೆ ಕೂತು ನಿದ್ದೆ ಹೊಡೆಯುತ್ತಿದ್ದ ಕೋಟಿನ ಮನುಷ್ಯನೊಬ್ಬ ಸಿಕ್ಕ. ಎದುರಿಗೆ ಕೂತು ಕಣ್ಣು ಮುಚ್ಚಿ “ನೀನು ಸುಖವಾಗಿರು, ನಿನ್ನ ದುಃಖ ದೂರಾಗಲಿ” ಎಂದು ಶುರು ಮಾಡಿ ಇನ್ನೂ ಎರಡು ನಿಮಿಷವಾಗಿರಲಿಲ್ಲ, ಆ ಮನುಷ್ಯ ಎದ್ದು ನಿಂತು ಕೈ ಮುಗಿದ.

“ನರ್ಸಬಾಯೇರಲ್ಲೇನ್ರಿ? ನಮ್ಮ ಅವಳಿ-ಜವಳಿ ಹುಡುಗೇರು ನಿಮ್ಮ ಕೈಯಾಗೇ ಹುಟ್ಟ್ಯಾರ್ರಿ! ಒಬ್ಬಾಕಿ ಈಗ ಪೊಲೀಸ್ ಆಗ್ಯಾಳ್ರಿ!”

ಭೀಮಬಾಯಿಗೆ ಆನಂದವಾಗಿ ಕಣ್ಣು ತುಂಬಿತು. ಆನಂದವಾದ ಮೇಲೆ ಏನು ಉಳಿಯಿತು? ಆ ಮನುಷ್ಯ ಕೆಲಸಕ್ಕೆ ಬಾರದವನಾದ.

ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಒಬ್ಬನನ್ನು ಹಿಡಿದಳು. ತಲೆಯಿಂದ ಕಾಲಿನವರೆಗೆ ಬಿಳಿ ಹುಡಿ, ಮೂಗಿಗೆ ಬಟ್ಟೆ. ಮನುಷ್ಯನೋ ಮೂರ್ತಿಯೋ ತಿಳಿಯುತ್ತಿರಲಿಲ್ಲ. ಇವನಿಗಿಂತ ಪರಕೀಯ ಯಾರು ಸಿಕ್ಕಾರು ಎಂದುಕೊಂಡು ಮೂರು ದಿನ ಎದುರಿಗೆ ಚಹಾದಂಗಡಿಯಲ್ಲಿ ಕೂತು ಧ್ಯಾನ ಮಾಡಿದಳು. ಮೂರನೇ ದಿನ ಅವನು ನಳದ ಕೆಳಗೆ ಮುಖ ತೊಳೆದ. ತೊಳೆದದ್ದೇ ತಡ, ರಾವೂರಿನ ಭಾಗಣ್ಣ ಹೊರಗೆ ಬಂದ. ಕಾಲು ಮುಂದಾಗಿ ಹುಟ್ಟಿದ ಭಾಗಣ್ಣ! ಎರಡು ತಾಸು ಅವನ ಜೊತೆ ಕುಸ್ತಿ ಹಿಡಿದದ್ದನ್ನು ಭೀಮಬಾಯಿ ಹೇಗೆ ಮರೆತಾಳು?

“ಯವ್ವಾ, ಮೂರು ದಿನಾ ಆತು, ನಮ್ಮ ಯವ್ವ ಯಾಕ ನನ್ನ ನೋಡಿ ಕಣ್ಣ ಮುಚ್ಚಲಿಕತ್ತಾಳ ಅಂತ ಹೆದರಿದ್ದೆ” ಎಂದು ಅವನು ಕಾಲಿಗೆ ಬಿದ್ದ.

ಚಿಂಚೋಳಿಯ ಬಸ್ಸಿನ ಕಂಡಕ್ಟರ್ ರೇವಣಸಿದ್ದ ನಿಜಕ್ಕೂ ಹೊಸಬ, ದೂರದೂರಿನಿಂದ ವರ್ಗವಾಗಿ ಬಂದವನು. ಅವನನ್ನೇ ಗಟ್ಟಿ ಮಾಡಿಕೊಂಡು ಕಿಟಕಿಯ ಪಕ್ಕ ಕೂತು ಅರ್ಧ ದಾರಿ ಧ್ಯಾನ ಮಾಡಿದಳು. ಇಳಿಯುವ ಜಾಗ ಬಂತು. ಅವನು ಸೀಟಿ ಊದಲಿಲ್ಲ. ಕೂಗಿದರೆ “ನಿದ್ದಿ ಮಾಡಾಕತ್ತಿದ್ದಿ, ನಾ ಏನ್ ಮಾಡ್ಲಿ ಮುದುಕಿ” ಅಂದ. ಎರಡು ಮೈಲಿ ತಿರುಗಿ ನಡೆಯಬೇಕಾಯಿತು. ಮೂರನೇ ಮೆಟ್ಟಿಲಿಗೆಂದು ಹಿಡಿದವನು ಹಾರಿ ಹೋಗಿ ನಾಲ್ಕನೇದರಲ್ಲಿ ಕೂತಿದ್ದ.

ಅಷ್ಟೊತ್ತಿಗೆ ವಾಡಿಯಲ್ಲಿ ಸುದ್ದಿ ಹಬ್ಬಿತು. ಕೆಲವರು ಮುನಿಸಿಕೊಂಡರು: “ಹೊರಗಿನವ್ರನ್ನ ಹುಡುಕ್ಲಿಕತ್ತೀರಿ, ನಾವೇನು ಕಮ್ಮಿ ಮಾಡೀವ್ರಿ?” ಇನ್ನು ಕೆಲವರು ತಾವೇ ಆಗುತ್ತೇವೆಂದು ಬಂದರು. ಪಕ್ಕದ ಓಣಿಯ ಮಡಿವಾಳಯ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ವಿಭೂತಿ ಹಚ್ಚಿಕೊಂಡು, ಇಂಟರ್‌ವ್ಯೂಗೆ ಬಂದವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತರು.

“ನನ್ನಕಿಂತ ಛಲೋದು ನಿಮಗ ಯಾರೂ ಸಿಗಂಗಿಲ್ಲ ನೋಡ್ರಿ. ನಮ್ಮ ಮನ್ಯಾಗ ನಾ ಒಬ್ಬಾವ ಅದೀನಿ ಅನ್ನೂದೇ ಯಾರಿಗಿ ನೆನಪಿಲ್ಲ. ಬೇಕಾದ್ರ ನಮ್ಮಾಕಿ ಶರಣಬಸಮ್ಮಗ ಕೇಳ್ರಿ. ಮೊನ್ನೆ ಲಗ್ನಕ್ಕ ಹೋಗುಮುಂದ ನನ್ನ ಒಳಗ ಬಿಟ್ಟು ಕೀಲಿ ಹಾಕ್ಕೊಂಡು ಹೋದ್ರು.”

ಭೀಮಬಾಯಿಗೆ ಅಯ್ಯೋ ಅನ್ನಿಸಿತು. ಚಹಾ ಮಾಡಿಕೊಟ್ಟಳು, ಮೇಲೆ ಒಂದು ಕಡಬು ಹಾಕಿದಳು. ಅಯ್ಯೋ ಅನ್ನಿಸಿದ ಮೇಲೆ ಮಡಿವಾಳಯ್ಯನವರೂ ಹೋದರು.

ಕೊನೆಗೆ ಚಿತ್ತಾಪುರದ ಝೆರಾಕ್ಸ್ ಅಂಗಡಿಯ ಮುಂದೆ ನೆಲದ ಮೇಲೆ ಒಂದು ಪಾಸ್‌ಪೋರ್ಟ್ ಫೋಟೋ ಬಿದ್ದಿದ್ದು ಸಿಕ್ಕಿತು. ಮೀಸೆಯ ಮನುಷ್ಯ, ನೀಲಿ ಪರದೆ, ಹೆಸರಿಲ್ಲ, ದೆಸೆಯಿಲ್ಲ. ಮಾತಾಡುವುದಿಲ್ಲ, ಊರು ಕೇಳುವುದಿಲ್ಲ. ಭೀಮಬಾಯಿ ಅದನ್ನು ಕನ್ನಡಿಯ ಮೂಲೆಗೆ ಸಿಗಿಸಿ ಐದು ದಿನ ಚೆಂದಾಗಿ ಧ್ಯಾನ ಮಾಡಿದಳು. ಆರನೇ ದಿನ ಚಿತ್ತಾಪುರದ ಬಸ್ ಸ್ಟ್ಯಾಂಡಿನಲ್ಲಿ ತಲೆ ಎತ್ತಿ ನೋಡಿದರೆ ಅದೇ ಮೀಸೆ, ಅದೇ ನೀಲಿ ಪರದೆ, ಎಂಟಡಿ ಎತ್ತರ, ಕೆಳಗೆ ದಪ್ಪ ಅಕ್ಷರದಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’.

“ನಡ್ಯಂಗಿಲ್ಲ” ಎಂದರು ದಶರಥ ಮಾಸ್ತರು. “ಸತ್ತವರ ಮ್ಯಾಲ ಇದನ್ನ ಮಾಡಬಾರ್ದು ಅಂತ ಹಿರ್ಯಾರು ಕಟ್ಟು ಮಾಡ್ಯಾರ. ಐದು ದಿನದ್ದು ಎಲ್ಲಾ ಸೊನ್ನಿ.”

“ಹಂಗಾರ ನೀವೇ ಯಾರನ್ನರ ಕೊಡ್ರಿ!” ಭೀಮಬಾಯಿ ಸಿಟ್ಟಿಗೆದ್ದಳು. “ಆಕಿ ಅಲ್ಲಿ ಸಾಯ್ಲಿಕತ್ತಾಳ, ನಾ ಇಲ್ಲಿ ಯಾರೂ ಅಲ್ಲದವ್ರನ್ನ ಹುಡುಕ್ಕೋತ ಅಡ್ಡಾಡ್ಲಿಕತ್ತೀನಿ. ಆಕಿ ಹೋದಳಂದ್ರ ನಿಮ್ಮ ಮಾರ್ಕ್ಸ್ ತೊಗೊಂಡು ನಾ ಏನ್ ಮಾಡ್ಲಿ?”

“ಅದು ಹೋಂವರ್ಕ್, ನೀನೇ ಮಾಡ್ಬೇಕು” ಎಂದು ಮಾಸ್ತರು ಕನ್ನಡಕ ತೆಗೆದು ಒರೆಸಿದರು. ಉತ್ತರ ಗೊತ್ತಿಲ್ಲದಾಗ ಅವರು ಕ್ಲಾಸಿನಲ್ಲೂ ಹೀಗೇ ಮಾಡುತ್ತಿದ್ದರು.

ಆ ಸೋಮವಾರ ಭೀಮಬಾಯಿ ಬಿಪಿ ಗುಳಿಗೆಗಾಗಿ ರೈಲು ಹತ್ತಿ ಸೇಡಂ ದವಾಖಾನೆಗೆ ಹೋದಳು. ಅಲ್ಲಿ ಡಯಾಲಿಸಿಸ್ ಕೋಣೆ ನೋಡಿಕೊಳ್ಳುವ ಖುರ್ಷಿದಬೇಗಂ ಹಿಂದೆ ಅವಳ ಕೈಕೆಳಗೆ ಕೆಲಸ ಕಲಿತವಳು; ಹೋದಾಗೆಲ್ಲ ಚಹಾ ಕುಡಿಸದೆ ಬಿಡುತ್ತಿರಲಿಲ್ಲ. ಕೋಣೆಯಲ್ಲಿ ನಾಲ್ಕು ಮಂಚ, ನಾಲ್ಕು ಮಶೀನು. ಮೂರನೇ ಮಂಚದಲ್ಲಿ ಒಬ್ಬ ಹೆಂಗಸು ಮಲಗಿದ್ದಳು. ಮುಖ ಉಬ್ಬಿ ಕಣ್ಣು ಸಣ್ಣಗಾಗಿದ್ದವು, ಮೈ ಕಪ್ಪಿಟ್ಟಿತ್ತು. ತಲೆಗೆ ಸ್ಕಾರ್ಫು, ಮೂಗು-ಬಾಯಿಗೆ ಮಾಸ್ಕು, ಕಾಲ ತುದಿಯವರೆಗೆ ಕಂಬಳಿ. ಎಷ್ಟು ವಯಸ್ಸೆಂದೂ ಹೇಳಲಿಕ್ಕಾಗುತ್ತಿರಲಿಲ್ಲ.

ಭೀಮಬಾಯಿ ನೋಡಿದಳು. ಮನಸ್ಸಿನಲ್ಲಿ ಏನೂ ಏಳಲಿಲ್ಲ. ಮತ್ತೆ ನೋಡಿದಳು. ಊಹೂಂ, ಏನೂ ಇಲ್ಲ. ಚಹಾದ ಕಪ್ಪು ಅಲ್ಲೇ ಇಟ್ಟು ಖುರ್ಷಿದಳ ರಟ್ಟೆ ಹಿಡಿದಳು.

“ಮೂರನೇ ಬೆಡ್ಡಿನಾಕಿ...”

“ಆಕೀನಾ? ಆಕಿ ಹೆಸ್ರು...”

“ಹೆಸ್ರು ಹೇಳಿದ್ರ ನೋಡು!” ಭೀಮಬಾಯಿ ಅವಳ ಬಾಯಿ ಮುಚ್ಚಿದಳು. “ನಿನ್ನ ಮಕ್ಕಳಾಣಿ ಅದ, ನನ್ನ ಮುಂದ ಆಕಿ ಹೆಸ್ರು ತೆಗೀಬ್ಯಾಡ. ಊರೂ ಹೇಳಬ್ಯಾಡ. ಚೀಟಿ ಮುಚ್ಚಿಡು. ಮೂರನೇ ಬೆಡ್ ಅಂತನೇ ಕರಿ.”

“ಯಾ ಅಲ್ಲಾ, ರಿಟೈರ್ ಆದ ಮ್ಯಾಲ ಅಮ್ಮಗ ಏನೋ ಆಗ್ಯದ” ಎಂದಳು ಖುರ್ಷಿದಬೇಗಂ. ಆದರೂ ಆಣೆಯೆಂದರೆ ಆಣೆ.

ಭೀಮಬಾಯಿ ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತಳು. ಆ ಹೆಂಗಸು ಅವಳನ್ನು ಕಂಡದ್ದೇ ಕಣ್ಣು ಅಗಲ ಮಾಡಿದಳು. ಸೂಜಿ ಚುಚ್ಚಿರದ ಕೈ ಎತ್ತಿ ಮಾಸ್ಕು ಕೆಳಗೆಳೆಯಲು ಹೋದಳು.

“ಬ್ಯಾಡ್ರಿ, ಬ್ಯಾಡ್ರಿ ತಾಯಿ, ಮಾತಾಡಬ್ಯಾಡ್ರಿ!” ಭೀಮಬಾಯಿ ಎರಡೂ ಕಿವಿ ಮುಚ್ಚಿಕೊಂಡಳು. “ನೀವು ಒಂದು ಮಾತಾಡಿದ್ರ ಸಾಕು, ಚಿಂಚೋಳಿ ಕಡೇವ್ರೋ ಶಹಾಬಾದ ಕಡೇವ್ರೋ ನನಗ ಗೊತ್ತಾಗ್ತದ. ಗೊತ್ತಾದ್ರ ಮುಗೀತು. ಇಡೀ ಜಿಲ್ಲಾದಾಗ ನನಗ ಏನೂ ಅಲ್ಲದವ್ರು ನೀವೊಬ್ರೇ ಸಿಕ್ಕೀರಿ. ನಿಮ್ಮ ಕಾಲಿಗಿ ಬೀಳ್ತೀನಿ, ಯಾರಂತ ಹೇಳಬ್ಯಾಡ್ರಿ. ನಿಮಗ ಒಳ್ಳೇದು ಬಯಸ್ತೀನಿ, ಅಷ್ಟೇ. ಆದೀತೇನ್ರಿ?”

ಆ ಹೆಂಗಸು ಅವಳನ್ನೇ ನೋಡಿದಳು. ಎತ್ತಿದ ಕೈ ಮೆಲ್ಲಗೆ ಕೆಳಗಿಳಿಯಿತು. ಆಮೇಲೆ ಆಗಲಿ ಎಂಬಂತೆ ತಲೆ ಆಡಿಸಿದಳು.

ಅಂದಿನಿಂದ ಸೋಮವಾರ, ಬುಧವಾರ, ಶುಕ್ರವಾರ ಭೀಮಬಾಯಿಯ ಡ್ಯೂಟಿ ಮತ್ತೆ ಶುರುವಾಯಿತು. ಮುಂಜಾನೆ ಪ್ಯಾಸೆಂಜರ್ ಹತ್ತುವುದು, ಮೂರನೇ ಬೆಡ್ಡಿನ ಪಕ್ಕ ನಾಲ್ಕು ತಾಸು ಕೂರುವುದು. ಮೂರನೇ ಬೆಡ್ಡನ್ನು ಮಗ ಬೆಳಗ್ಗೆ ಬಿಟ್ಟು ನೌಕರಿಗೆ ಹೋಗಿರುತ್ತಿದ್ದ. ಅವನನ್ನು ನೋಡಬಾರದೆಂದು ಭೀಮಬಾಯಿ ಬೇಕೆಂತಲೇ ಹತ್ತು ನಿಮಿಷ ತಡಮಾಡಿ ಬರುತ್ತಿದ್ದಳು. ಹಳೇ ಚಟಕ್ಕೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಹಿಡಿದುಕೊಂಡೇ ಕಣ್ಣು ಮುಚ್ಚುತ್ತಿದ್ದಳು. “ನೀವು ಯಾರೇ ಇರಿ, ಸುಖವಾಗಿರಿ. ನಿಮ್ಮ ದುಃಖ ದೂರಾಗಲಿ. ನಿಮಗೆ ಭಯ ಇಲ್ಲದಿರಲಿ.” ಮೂರನೇ ಬೆಡ್ಡಿನ ಕಣ್ಣಿನಿಂದ ನೀರು ಇಳಿದು ಸ್ಕಾರ್ಫು ತೊಯ್ಯುತ್ತಿತ್ತು. ಮಶೀನಿಗೆ ಹಾಕಿದಾಗ ಕೆಲವರಿಗೆ ಹಾಗಾಗುತ್ತದೆ ಎಂದುಕೊಂಡು ಭೀಮಬಾಯಿ ಹತ್ತಿಯಿಂದ ಒರೆಸುತ್ತಿದ್ದಳು.

ಈ ಬಿಮಾರಿಯಲ್ಲಿ ನೀರು ಕುಡಿಯುವಂತಿಲ್ಲ. ತುಟಿ ಒಣಗಿದರೆ ಐಸಿನ ಚೂರು ಸವರುತ್ತಿದ್ದಳು. ಮೊಟ್ಟೆ ಕುದಿಸಿ ತಂದು ಬಿಳಿಯದು ಅವಳಿಗೆ ಕೊಟ್ಟು ಹಳದಿ ತಾನು ತಿನ್ನುತ್ತಿದ್ದಳು. ಮೂರನೇ ಬೆಡ್ಡು ಮಾಸ್ಕು ಇಳಿಸಿ ತಿನ್ನುವಾಗ ಮಾತ್ರ ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು.

“ಉಣ್ಣೂದು ನೋಡಿದ್ರ ಮನೆತನ ಗೊತ್ತಾಗ್ತದ್ರಿ” ಎಂದು ಗೋಡೆಗೆ ಹೇಳುತ್ತಿದ್ದಳು.

ಬೆನ್ನ ಹಿಂದೆ ಒಂದು ಸಲ ನಕ್ಕ ಸದ್ದಾಯಿತು. ಎಲ್ಲೋ ಕೇಳಿದ ನಗು. ಭೀಮಬಾಯಿ ಗಡಬಡಿಸಿ ಜೋರಾಗಿ ಕೆಮ್ಮಿದಳು, ಆ ನೆನಪು ಬಂದ ದಾರಿಯಲ್ಲೇ ತಿರುಗಿ ಹೋಗುವವರೆಗೆ ಕೆಮ್ಮಿದಳು. ಅವಳಿಗೆ ಒಳಗೊಳಗೆ ಗೊತ್ತಿತ್ತೋ ಏನೋ, ನನ್ನನ್ನು ಕೇಳಿದರೆ ನಾನು ಹೇಳಲಾರೆ. ಗೊತ್ತಿಲ್ಲದಂತಿರಲು ಅಷ್ಟು ಕಷ್ಟಪಟ್ಟವರನ್ನು ಮಾತ್ರ ನಾನು ಬೇರೆ ಕಂಡಿಲ್ಲ.

ಮೂರು ವಾರ ಕಳೆಯಿತು. ಭಾನುವಾರ ದಶರಥ ಮಾಸ್ತರು ಪರೀಕ್ಷೆ ಮಾಡಿದರು.

“ಆ ಮೂರನೇ ಬೆಡ್ಡಿನಾಕಿನ್ನ ನೆನೆಸಿದ್ರ ಏನಾಗ್ತದ?”

“ಏನೂ ಆಗೂದಿಲ್ರಿ. ಮನಸು ತಣ್ಣಗಾಗ್ತದ. ಆಕಿ ಆರಾಮಾಗ್ಲಿ ಅನ್ನಸ್ತದ.”

“ಪಾಸು” ಎಂದರು ಮಾಸ್ತರು. “ನಾಳಿಂದ ನಾಕನೇದು.”

ಸೋಮವಾರ ಭೀಮಬಾಯಿ ಮತ್ತೆ ಮೂರನೇ ಬೆಡ್ಡಿನ ಪಕ್ಕವೇ ಬಂದು ಕೂತಳು. ನಾಲ್ಕನೇ ಮೆಟ್ಟಿಲನ್ನು ಮನೆಯಲ್ಲೇ ಕೂತು ಮಾಡಬಹುದಿತ್ತು. ಒಬ್ಬಳೇ ಮಾಡಲು ಧೈರ್ಯವಾಗಲಿಲ್ಲ. ಎಂದಿನಂತೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಳು.

“ಇವತ್ತ ನಿಮ್ಮದಲ್ರಿ ತಾಯಿ. ಇವತ್ತ ಬ್ಯಾರೆ ಒಬ್ಬಾಕಿದು. ನೀವು ಸುಮ್ನ ಹಿಂಗೇ ಮಲ್ಕೋರಿ, ನೀವಿದ್ರ ನನಗ ಧೈರ್ಯ. ಆಕಿ ನನ್ನ ನೆಗೆಣ್ಣಿ. ಸುನಿತಾ ಅಂತ.”

ಬೆರಳ ಕೆಳಗೆ ನಾಡಿ ಒಮ್ಮೆ ಜಿಗಿಯಿತು. ಭೀಮಬಾಯಿ ಗಮನಿಸಲಿಲ್ಲ, ಅವಳ ಕಣ್ಣು ಮುಚ್ಚಿದ್ದವು. ಮೊದಲು ಮನಸಾರೆ ಬೈದಳು. ಎಳೇ ಮಗುವಿಗೂ ಗೊತ್ತಾಗುವ ಎದೆನೋವು ಅವಳಿಗೆ ಗೊತ್ತಾಗಲಿಲ್ಲವೇ, ನೆರೆಯವರನ್ನು ಕೂಗಲಿಕ್ಕೆ ಬಾಯಿ ಬಿದ್ದಿತ್ತೇ, ಸೋಡಾ ಕುಡಿಸಿದಳಂತೆ ಸೋಡಾ, ಎಂದು ಹತ್ತೊಂಬತ್ತು ವರ್ಷ ಕೂಡಿಟ್ಟದ್ದನ್ನೆಲ್ಲ ಸುರಿದಳು. ಪಕ್ಕದ ಮಂಚಗಳ ರೋಗಿಗಳು ತಲೆ ಎತ್ತಿ ಕೇಳಲು ಶುರು ಮಾಡಿದರು. ಸುರಿದು ಸುರಿದು ಬರಿದಾದ ಮೇಲೆ ಅವಳ ದನಿ ಸಣ್ಣಗಾಯಿತು.

“ಖರೇ ಹೇಳ್ಲೇನ್ರಿ? ನೀವು ಯಾರೂ ಅಲ್ಲ, ಅದಕ ನಿಮ್ಮ ಮುಂದ ಹೇಳ್ತೀನಿ. ಆಕಿಗಿ ಆವಾಗ ಮೂವತ್ತೂ ತುಂಬಿದ್ದಿಲ್ಲ. ಆಕಿ ಏನು ಡಾಕ್ಟರಾ? ನರ್ಸ್ ನಾ ಇದ್ದೆ. ಕಂಡೋರ ಮಕ್ಕಳ ಜೀವಾ ಉಳ್ಸಾಕ ಹೋಗಿ ನನ್ನ ಗಂಡನ ಹತ್ರ ನಾ ಇರ್ಲಿಲ್ಲ. ಆ ಸಿಟ್ಟು ನನ್ನ ಮ್ಯಾಲೇ ಹಾಕ್ಕೊಂಡಿದ್ರ ನಾ ಸತ್ತೇ ಹೋಗ್ತಿದ್ದೆ. ಅದಕ ಆಕಿ ಮ್ಯಾಲ ಹಾಕ್ದೆ. ಆಕಿ ಹೊತ್ಕೊಂಡು ಹೋದ್ಳು, ಒಂದು ಮಾತ ಆಡ್ಲಿಲ್ಲ. ಈಗ ಆಕಿ ಹೊಂಟಾಳ, ನನಗ ಹೋಗಿ ಮಾರಿ ತೋರಸ್ಲಿಕ್ಕ ಹೆದ್ರಿಕಿ...”

ಮುಂದಿನ ಮಾತು ಮಶೀನಿನ ಕೂಗಿನಲ್ಲಿ ಮುಳುಗಿತು. ಕೆಂಪು ದೀಪ ಹತ್ತಿತು. ಬೆರಳ ಕೆಳಗಿನ ನಾಡಿ ದಾರದಷ್ಟು ಸಣ್ಣಗಾಗಿ, ಸಿಗದಂತಾಯಿತು. ಭೀಮಬಾಯಿ ಕಣ್ಣು ತೆರೆದರೆ ಮೂರನೇ ಬೆಡ್ಡಿನ ಕಣ್ಣು ಮೇಲೆ ಸಿಕ್ಕಿಕೊಂಡಿದ್ದವು.

“ಬಿಪಿ ಬಿತ್ತು, ಖುರ್ಷಿದ!”

ಖುರ್ಷಿದಬೇಗಂ ಓಡಿ ಬಂದು ಮಶೀನಿನ ಗುಂಡಿ ಒತ್ತಿ, ಸಲೈನು ಬಿಟ್ಟು, ಮಾಸ್ಕು ಕಿತ್ತು ಆಕ್ಸಿಜನ್ ಹಚ್ಚಿದಳು. ಭೀಮಬಾಯಿಯ ಕೈಗಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವು ಕಂಬಳಿ ಸರಿಸಿ, ಎರಡೂ ಕಾಲು ಎತ್ತಿ, ಎದೆಗೆ ಒತ್ತಿ ಹಿಡಿದಿದ್ದವು. ಬಿಪಿ ಬಿದ್ದಾಗ ಕಾಲು ಎತ್ತಬೇಕು, ರಕ್ತ ತಲೆಗೆ ಇಳಿಯಬೇಕು.

“ಸುನಿತಾಬಾಯಿ!” ಖುರ್ಷಿದಬೇಗಂ ಗಾಬರಿಯಲ್ಲಿ ಆಣೆ ಮರೆತು ಕೆನ್ನೆ ತಟ್ಟಿದಳು. “ಏ ಸುನಿತಾಬಾಯಿ! ಕಣ್ಣ ತೆರೀರಿ!”

ಈ ಖುರ್ಷಿದ ನನ್ನ ವೈರಿಯನ್ನು ಇಲ್ಲಿ ಯಾಕೆ ಕೂಗುತ್ತಿದ್ದಾಳೆ ಎಂದು ಭೀಮಬಾಯಿಗೆ ಮೊದಲು ಅನ್ನಿಸಿತು. ಮೂರನೇ ಬೆಡ್ಡು ಎಂದು ಕೂಗಬಾರದೇ? ಆಗ ಕಣ್ಣು ತನ್ನ ಎದೆಯ ಮೇಲಿದ್ದ ಪಾದದ ಮೇಲೆ ಬಿತ್ತು. ಎಡಗಾಲ ಹೆಬ್ಬೆರಳಿನ ಮೇಲೆ ಅರ್ಧಚಂದ್ರದ ಹಾಗೆ ಸುಟ್ಟ ಕಲೆ. ರೊಟ್ಟಿಯ ಹಂಚು ಬಿದ್ದು ಸುಟ್ಟದ್ದು. ವಾಡಿಯ ಮನೆಯಲ್ಲಿ, ಒಲೆಯ ಮುಂದೆ, ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹದಿನೈ​ದು ದಿನ ಮುಲಾಮು ಹಚ್ಚಿದವಳು ಭೀಮಬಾಯಿಯೇ.

ಅವಳು ಕಾಲು ಬಿಡಲಿಲ್ಲ. ಎಲ್ಲಿ ಹೋಯಿತು ಆ ಸಿಟ್ಟು ಎಂದು ಒಳಗೆಲ್ಲ ತಡಕಾಡಿದಳು. ಈಗ ಹತ್ತು ನಿಮಿಷದ ಹಿಂದೆ ಇಲ್ಲೇ ಇತ್ತಲ್ಲ? ಸಿಗಲಿಲ್ಲ. ಸಿಕ್ಕದ್ದು ಒಂದೇ ಹೆದರಿಕೆ: ಇವಳು ಈಗ ಹೋಗಬಾರದು. ಇನ್ನೂ ಗಟ್ಟಿಯಾಗಿ ಪಾದ ಅವುಚಿಕೊಂಡು, ಮೂವತ್ನಾಲ್ಕು ವರ್ಷದ ಸರ್ವಿಸಿನಲ್ಲಿ ಯಾವ ವಾರ್ಡಿನಲ್ಲೂ ಅಳದವಳು, ನಾಲ್ಕು ಮಂಚದ ರೋಗಿಗಳ ಎದುರಿಗೆ ಬಾಯಿ ಬಿಟ್ಟು ಅತ್ತಳು.

ಮಶೀನಿನ ಕೂಗು ನಿಂತಿತು. “ತೊಂಬತ್ತಕ್ಕ ಬಂತು” ಎಂದು ಖುರ್ಷಿದಬೇಗಂ ಉಸಿರು ಬಿಟ್ಟಳು. ಮಂಚದ ಮೇಲಿನವಳು ಮೆಲ್ಲಗೆ ಕಣ್ಣು ತೆರೆದಳು. ತನ್ನ ಕಾಲು ಯಾರ ಎದೆಯ ಮೇಲಿದೆ ಎಂದು ನೋಡಿದಳು. ಉಬ್ಬಿದ ಮುಖದಲ್ಲಿ ತುಟಿ ಅಲುಗಿತು.

“ಅಕ್ಕಾ, ನಾ ಈಗ ಮಾತಾಡ್ಲೇನು?”

“ಮೂಳೀ!” ಭೀಮಬಾಯಿ ಅಳುತ್ತಲೇ ಗದರಿದಳು. “ಮೂರು ವಾರ ಕಲ್ಲಿನಂಗ ಹ್ಯಾಂಗ ಸುಮ್ನ ಬಿದ್ದಿದ್ದಿ? ನಾನು ಅಂತ ಗೊತ್ತಿತ್ತಲ್ಲ ನಿನಗ?”

“ನೀನೇ ಅಂದಿ, ಮಾತಾಡಬ್ಯಾಡಂತ.” ಸುನಿತಾ ಉಸಿರು ತೆಗೆದುಕೊಂಡಳು. “ಮಾತಾಡಿದ್ರ ನೀ ಎದ್ದು ಹೋಗ್ತಿದ್ದಿ. ಯಾರೂ ಅಲ್ಲಂತ ಇದ್ರ ವಾರಕ್ಕ ಮೂರು ದಿನಾ ಬರ್ತಿದ್ದಿ. ಅಜಯಗೂ ನಾನೇ ಹೇಳಿದ್ದೆ, ದೊಡ್ಡವ್ವ ಬರೂ ಹೊತ್ತಿಗಿ ಇಲ್ಲಿ ಇರಬ್ಯಾಡಂತ. ಇಲ್ಲೇ ಸೇಡಂ ಹತ್ರ ಆಡಕಿ ಸಾಲ್ಯಾಗ ನೌಕರಿ ಅದ ಅವನಿಗಿ, ಅದಕೇ ತಾಂಡೂರು ಬಿಟ್ಟು ಈ ಕಡಿ ಬಂದೀವಿ.”

ಭೀಮಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಇದು ಯಾವ ಮೆಟ್ಟಿಲು, ಮೂರನೆಯದೋ ನಾಲ್ಕನೆಯದೋ, ಮಾಸ್ತರು ಎಷ್ಟು ಮಾರ್ಕ್ಸ್ ಕೊಡುತ್ತಾರೋ, ಅವಳಿಗೆ ಏನೂ ತಿಳಿಯಲಿಲ್ಲ. ಸ್ಟೂಲನ್ನು ಮಂಚದ ಕಾಲ ಕಡೆಗೆ ಎಳೆದುಕೊಂಡು ಕೂತು, ಆ ಎರಡೂ ಪಾದ ತೊಡೆಯ ಮೇಲಿಟ್ಟುಕೊಂಡಳು. ಹೆಬ್ಬೆರಳಿನ ಕಲೆಯನ್ನು ಬೆರಳಿನಿಂದ ಸವರಿದಳು. ಮೂರು ವಾರದಿಂದ ನಾಲಿಗೆಯ ತುದಿಗೆ ಬಂದು ಬಂದು ನುಂಗಿಕೊಂಡಿದ್ದ ಮಾತು ಆಗ ತಾನಾಗಿಯೇ ಹೊರಗೆ ಬಂತು.

“ಯಾವೂರಾಕಿ ನೀ? ಯಾರ ಪೈಕಿ?”

“ನಿಮ್ಮ ಪೈಕೀನೇ, ಅಕ್ಕಾ” ಎಂದಳು ಸುನಿತಾ.